ರೇಣುಕವ್ವನ ಹೆಸರಿನ ಟಿ.ವಿ.

ವಿಜಯಪುರ ಬಸ್ ನಿಲ್ದಾಣದ ಕಂಟ್ರೋಲರ್ ಗುರಲಿಂಗಪ್ಪನ ಮನೆಗೆ ಗೋಡೆಯಗಲದ ಟಿ.ವಿ. ಬಂದ ದಿನ ಸಂಜೆ ಅಥಣಿ ರಸ್ತೆಯ ಆ ಬಡಾವಣೆಯಲ್ಲಿ ಯಾರೂ ತಮ್ಮ ತಮ್ಮ ಮನೆಯಲ್ಲಿ ಕೂರಲಿಲ್ಲ. ಕೂರಲು ಗುರಲಿಂಗಪ್ಪ ಬಿಡಲಿಲ್ಲ ಎನ್ನುವುದು ಹೆಚ್ಚು ಸರಿ. ಮಧ್ಯಾಹ್ನವೇ ಮನೆಮನೆಗೆ ಹೋಗಿ, ಮೈಕಿನಲ್ಲಿ ಬಸ್ಸಿನ ವೇಳೆ ಸಾರುವ ಗತ್ತಿನಲ್ಲೇ, ಸಂಜೆ ಏಳಕ್ಕೆ ಸರಿಯಾಗಿ ಚಾಲೂ ಎಂದು ಹೇಳಿ ಬಂದಿದ್ದ.

ಅದೇನು ಸಾಮಾನ್ಯ ಟಿ.ವಿ. ಅಲ್ಲ. ಹಾರ್ಮೋನಿಯಂನಷ್ಟು ದೊಡ್ಡದೊಂದು ಪೆಟ್ಟಿಗೆ. ಗೋಡೆಯ ಬುಡದಲ್ಲಿ ಗಿಡ್ಡ ಮೇಜಿನ ಮೇಲೆ ಇಟ್ಟರೆ ಅದರ ನೆತ್ತಿಯ ಗಾಜಿನಿಂದ ಬೆಳಕು ಮೇಲಕ್ಕೆ ಚಿಮ್ಮಿ ಇಡೀ ಗೋಡೆ ಚಿತ್ರವಾಗುತ್ತದೆ. ಅದನ್ನು ಜೋಡಿಸಲು ಬಂದ ಅಂಗಡಿಯವನು ಎರಡೇ ಮಾತು ಹೇಳಿದ್ದ. ವೋಲ್ಟೇಜ್ ನೋಡಿಕೊಳ್ಳಿ, ಬೆಳಕು ಬರುವ ಗಾಜಿನ ಮೇಲೆ ಬಗ್ಗಿ ನೋಡಬೇಡಿ, ಕಣ್ಣಿಗೆ ಕೆಟ್ಟದ್ದು. ಗುರಲಿಂಗಪ್ಪ ಎರಡನೆಯದನ್ನು ಮನೆಯ ಕಾನೂನು ಮಾಡಿದ. ಪೆಟ್ಟಿಗೆ ಉರಿಯುತ್ತಿರಲಿ, ಆರಿರಲಿ, ಅದರ ಮೇಲೆ ಯಾರೂ ಬಗ್ಗುವಂತಿಲ್ಲ ಎಂದು ಹೆಂಡತಿಗೂ ಮಗಳಿಗೂ ಅಪ್ಪಣೆಯಾಯಿತು.

ಅಂಗಡಿಯವನು ಹಾಕಿ ತೋರಿಸಿದಾಗ ಚಿತ್ರ ಕನ್ನಡಿಯಷ್ಟು ಸ್ವಚ್ಛವಾಗಿತ್ತು. ಅವನು ಹೋದ ಮೇಲೆ, ಮಂದಿ ಬರುವ ಮುಂಚೆ, ಹೆಂಡತಿ ನಿರ್ಮಲಾ ಪೂಜೆ ಮಾಡಿದಳು. ಹೊಸ ವಸ್ತುವನ್ನು ಪೂಜೆಯಿಲ್ಲದೆ ಬಳಸುವ ಮನೆಯಲ್ಲ ಅದು. ಸೋಮವಾರ ಬಂತೆಂದರೆ ಹೊಸ್ತಿಲು, ಒಲೆ, ಕಪಾಟು, ಹಿಟ್ಟಿನ ಡಬ್ಬಿ, ಹೀಗೆ ಆ ಮನೆಯಲ್ಲಿ ಅಲುಗಾಡದೆ ಕೂತ ಎಲ್ಲಕ್ಕೂ ಮೂರು ಬೆರಳಿನ ವಿಭೂತಿ ಬೀಳುತ್ತಿತ್ತು. ಟಿ.ವಿ.ಗೂ ಅದರ ಪಾಲು ಸಂದಿತು.

ಏಳಕ್ಕೆ ಸರಿಯಾಗಿ ಗುರಲಿಂಗಪ್ಪ ಗುಂಡಿ ಒತ್ತಿದ. ಗೋಡೆಯ ಮೇಲೆ ಕ್ರಿಕೆಟ್ ಮೈದಾನ ಹಾಸಿಕೊಂಡಿತು. ಮೈದಾನದ ಜೊತೆಗೆ ಎಡದಿಂದ ಬಲಕ್ಕೆ, ತುಸು ಬಾಗಿದ ಮೂರು ಮಂಜಿನ ಪಟ್ಟೆಗಳೂ ಹಾಸಿಕೊಂಡವು. ಬೌಲರ್ ಓಡಿ ಬಂದು ಚೆಂಡು ಎಸೆದ. ಚೆಂಡು ಮೊದಲ ಪಟ್ಟೆಯೊಳಗೆ ಹೋಯಿತು, ಹೊರಗೆ ಬರಲಿಲ್ಲ. ಬ್ಯಾಟಿನವನು ಏನನ್ನೋ ಹೊಡೆದ. ಔಟಾದನೋ ಆರು ಬಂತೋ ಎಂದು ಅಂಕ ನೋಡಲು ಹೋದರೆ ಅಂಕ ಮೂರನೆಯ ಪಟ್ಟೆಯೊಳಗಿತ್ತು. ಚಾನೆಲ್ ಬದಲಿಸಿದರೆ ಸುದ್ದಿ ಓದುವವನ ಹಣೆಯ ಮೇಲೂ ಅದೇ ಮಂಜು.

“ಇಂವಾ ಇವತ್ತ ವಿಭೂತಿ ಹಚ್ಚಿಗೊಂಡು ಬಂದಾನ ನೋಡ್ರಿ,” ಎಂದ ಪಕ್ಕದ ಮನೆಯ ಮೌಲಾಸಾಬ. ತಿಕೋಟಾದಿಂದ ಒಣದ್ರಾಕ್ಷಿ ಪೆಟ್ಟಿಗೆ ಹೊತ್ತು ತರುವ ಟಂಟಂ ಗಾಡಿ ಅವನದು. ದಿನವಿಡೀ ಒಬ್ಬನೇ ಗಾಡಿ ಓಡಿಸಿ ಸಂಜೆ ಮಂದಿ ಸಿಕ್ಕರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಎಲ್ಲರೂ ನಕ್ಕರು. ಗುರಲಿಂಗಪ್ಪನೊಬ್ಬ ನಗಲಿಲ್ಲ. ಚಹಾ ಕುಡಿದು ಮಂದಿ ಎದ್ದು ಹೋದರು, ಹೋಗುವಾಗ ಟಿ.ವಿ. ಬಹಳ ದೊಡ್ಡದಿದೆ ಎಂದು ಹೇಳುವುದನ್ನು ಮಾತ್ರ ಯಾರೂ ಮರೆಯಲಿಲ್ಲ.

ಮರುದಿನದಿಂದ ಬಡಾವಣೆಯಲ್ಲಿ ಪ್ರತಿಯೊಬ್ಬನೂ ಟಿ.ವಿ. ಬಲ್ಲವನಾದ. ಒಬ್ಬರು ಗೋಡೆಯ ದೋಷ ಎಂದರು. ಗೋಡೆಗೆ ಎರಡು ಸಲ ಬಣ್ಣ ಹೊಡೆಸಿದ್ದಾಯಿತು. ನಿವೃತ್ತ ವಿಜ್ಞಾನ ಮಾಸ್ತರರು ನೀರಿನ ಮೋಟಾರಿನ ಅಯಸ್ಕಾಂತ ಎಳೆಯುತ್ತಿದೆ ಎಂದರು. ಒಂದು ವಾರ ಮೋಟಾರು ಬಂದ್ ಮಾಡಿ ಮನೆಯವರೆಲ್ಲ ಕೊಡದಲ್ಲಿ ನೀರು ಹೊತ್ತರು. ಪಟ್ಟೆಗಳು ಮಾತ್ರ ಹಾಗೆಯೇ ಇದ್ದವು.

ಗುರಲಿಂಗಪ್ಪ ತನಗೆ ತಿಳಿದ ದಾರಿ ಹಿಡಿದ. ಇಪ್ಪತ್ತೆರಡು ವರ್ಷ ಬಸ್ಸು ಬಂದ ವೇಳೆ, ಹೋದ ವೇಳೆ, ತಡವಾಗಿದ್ದರೆ ತಡ ಎಷ್ಟು, ಕಾರಣ ಏನು ಎಂದು ಬರೆದು ಪಳಗಿದ ಕೈ. ಇನ್ನೂರು ಪುಟದ ನೋಟುಬುಕ್ಕು ತಂದು, ಗೆರೆ ಎಳೆದು, ಟಿ.ವಿ.ಗೂ ಒಂದು ದಾಖಲೆ ತೆರೆದ. ಹತ್ತು ವಾರದಲ್ಲಿ ಒಂದು ಸತ್ಯ ಹೊರಬಿತ್ತು. ಮಂಗಳವಾರದಿಂದ ಭಾನುವಾರದವರೆಗೆ ಪಟ್ಟೆ ತುಸು ತುಸು ತಿಳಿಯಾಗುತ್ತದೆ. ಸೋಮವಾರ ಮತ್ತೆ ದಟ್ಟವಾಗುತ್ತದೆ. ಒಂದು ಸೋಮವಾರವೂ ತಪ್ಪಿಲ್ಲ. ಬಹಳ ವಿಚಾರ ಮಾಡಿ ಅವನು ಕಾರಣದ ಕಾಲಮ್ಮಿನಲ್ಲಿ ‘ಸೋಮವಾರ ವೋಲ್ಟೇಜ್’ ಎಂದು ಬರೆದ.

ವಾರಂಟಿ ಇದೆಯಲ್ಲ, ಕಂಪನಿಗೆ ಫೋನ್ ಮಾಡ್ರಿ ಎಂದು ನಿರ್ಮಲಾ ಹೇಳುತ್ತಲೇ ಇದ್ದಳು. ಗುರಲಿಂಗಪ್ಪ ನಾಳೆ ನಾಳೆ ಎನ್ನುತ್ತಿದ್ದ. ಅದಕ್ಕೆ ಕಾರಣ ಬಿಲ್ಲಿನಲ್ಲಿತ್ತು.

ದೊಡ್ಡ ವಸ್ತು ಕೊಳ್ಳುವ ಮುಂಚೆ ಮಠದ ಅಯ್ಯನವರಲ್ಲಿ ಹೆಸರಬಲ ಕೇಳುವುದು, ಯಾರ ಹೆಸರಿಗೆ ಕೂಡಿಬರುತ್ತದೋ ಅವರ ಹೆಸರಿನಲ್ಲೇ ಬಿಲ್ಲು ಮಾಡಿಸುವುದು ಅವನ ಮನೆತನದ ರೂಢಿ. ಅಯ್ಯನವರು ಪಂಚಾಂಗ ತೆಗೆದು, ಬೆಳಕಿನ ವಸ್ತು ಈ ವರ್ಷ ಗುರಲಿಂಗಪ್ಪನ ಹೆಸರಿಗೆ ಕೂಡದು, ನಿರ್ಮಲಾಳ ಹೆಸರಿಗಂತೂ ಬೇಡವೇ ಬೇಡ, ಮಗಳು ಶಾಂಭವಿಯ ಹೆಸರಿಗೆ ಮುಂದಿನ ವರ್ಷ ನೋಡೋಣ ಎಂದರು. ನಿಮ್ಮ ಪೈಕಿ ‘ರೇ’ ಅಕ್ಷರದವರು ಯಾರಾದರೂ ಇದ್ದರೆ ಕಣ್ಣು ಮುಚ್ಚಿ ತೊಗೊಳ್ಳಿ ಎಂದೂ ಹೇಳಿದರು. ಇದ್ದವಳು ಒಬ್ಬಳೇ, ತಿಕೋಟಾದಲ್ಲಿರುವ ಅಕ್ಕ ರೇಣುಕವ್ವ.

ಅಂಗಡಿಯಲ್ಲಿ ಅಕ್ಕನ ಹೆಸರು ಹೇಳಿದ. ಫೋನ್ ನಂಬರ್ ಕೇಳಿದರು. ಬಾಯಿಪಾಠವಿದ್ದ ಅಕ್ಕನ ನಂಬರನ್ನೇ ಹೇಳಿದ. ಆಕೆ ಹಿಂದೆ ಅದೇ ಅಂಗಡಿಯಲ್ಲಿ ಮಿಕ್ಸರ್ ಕೊಂಡಿದ್ದರಿಂದ ಕಂಪ್ಯೂಟರ್ ತಾನೇ ತಿಕೋಟಾದ ವಿಳಾಸ ತುಂಬಿಕೊಂಡಿತು. ವಿಳಾಸ ಸರಿಯಾ ಎಂದು ಕೇಳಿದಾಗ, ಸರಿಯಾಗಿಯೇ ಇತ್ತಲ್ಲ, ಸರಿ ಎಂದ. ಅಕ್ಕನಿಗೆ ಮಾತ್ರ ಹೇಳಲಿಲ್ಲ. ಹೇಳುವುದು ಹೇಗೆ? ಇಬ್ಬರಿಗೂ ಮಾತು ಬಿಟ್ಟು ಹೋಗಿ ಎರಡು ವರ್ಷದ ಮೇಲಾಗಿತ್ತು.

ಅದು ಈ ಹೊಸ ಮನೆಯ ವಾಸ್ತುಶಾಂತಿಯ ದಿನದ ಮಾತು. ಬಾಗಿಲಲ್ಲಿ ಆರತಿ ಬೆಳಗಬೇಕಾದವಳು ಮನೆಯ ಹಿರಿಯ ಮಗಳು. ಅವ್ವ ತೀರಿಕೊಂಡಾಗ ಮೂರು ವರ್ಷದವನಿದ್ದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳೂ ಅವಳೇ. ಅಂದು ತಿಕೋಟಾದಿಂದ ಬರುವ ಬಸ್ಸು ದಾರಿಯಲ್ಲಿ ಪಂಕ್ಚರ್ ಆಗಿ ನಿಂತಿತು. ಗುರಲಿಂಗಪ್ಪ ಗಡಿಯಾರ ನೋಡಿದ, ವೇಳೆಯಾಯಿತು ಎಂದ. ನಿರ್ಮಲಾಳ ತಂಗಿ ಆರತಿ ಬೆಳಗಿದಳು. ತಟ್ಟೆ ಕೆಳಗಿಡುವ ಹೊತ್ತಿಗೆ ರೇಣುಕವ್ವ ಗೇಟಿನಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಬುಟ್ಟಿಯನ್ನು ಗೇಟಿನೊಳಗೆ ಇಟ್ಟು, ಎದುರಿಗೆ ಬಂದ ತಿಕೋಟಾ ಬಸ್ಸಿಗೆ ಕೈ ಮಾಡಿ ಹತ್ತಿ ಹೋದಳು.

ಆಮೇಲೆ ಎರಡು ನಾಗರಪಂಚಮಿ ಬಂದು ಹೋದವು. ಪಂಚಮಿಗೆ ತಮ್ಮ ಹೋಗಿ ಅಕ್ಕನನ್ನು ತವರಿಗೆ ಕರೆದು ತರಬೇಕು. ಗುರಲಿಂಗಪ್ಪ ಮೊದಲ ವರ್ಷ ಸಿಟ್ಟಿನಿಂದ ಹೋಗಲಿಲ್ಲ, ಎರಡನೆಯ ವರ್ಷ ನಾಚಿಕೆಯಿಂದ ಹೋಗಲಿಲ್ಲ. ದಿನಕ್ಕೆ ಇಪ್ಪತ್ತು ಸಲ ಮೈಕಿನಲ್ಲಿ ತಿಕೋಟಾ ತಿಕೋಟಾ ಎಂದು ಕೂಗುವ ಮನುಷ್ಯ ಒಂದು ಸಲವೂ ಆ ಬಸ್ಸು ಹತ್ತಲಿಲ್ಲ. ಮೂರು ಪಂಚಮಿ ಕರೆ ಬರದಿದ್ದರೆ ತವರು ಮುಗಿಯಿತು ಎಂದು ಅವರ ಮನೆತನದ ಹೆಂಗಸರು ಹೇಳುತ್ತಿದ್ದರು. ಮೂರನೆಯದಕ್ಕೆ ಇನ್ನು ಹನ್ನೆರಡು ದಿನ ಉಳಿದಿತ್ತು.

ಅಂಥ ಹೊತ್ತಿನಲ್ಲಿ ಒಂದು ಸೋಮವಾರ ಪಟ್ಟೆಗಳು ಎಷ್ಟು ದಟ್ಟವಾದವೆಂದರೆ, ಧಾರಾವಾಹಿಯ ಅತ್ತೆ ಯಾರು ಸೊಸೆ ಯಾರು ಎಂದು ದನಿಯಿಂದ ಗುರುತಿಸಬೇಕಾಯಿತು. ಗುರಲಿಂಗಪ್ಪ ತಡೆಯಲಾರದೆ ಕಂಪನಿಗೆ ಫೋನ್ ಮಾಡಿದ. ಒಂದು ಒತ್ತಿ, ಮೂರು ಒತ್ತಿ, ಹಾಡು ಕೇಳಿ, ಕಡೆಗೆ ಒಬ್ಬ ಹುಡುಗಿ ಸಿಕ್ಕಳು. ಬಿಲ್ಲಿನ ನಂಬರ್ ತೆಗೆದುಕೊಂಡು, ರೇಣುಕವ್ವ ಅವರೇ ಮಾತನಾಡುತ್ತಿರುವುದಾ ಎಂದು ಮೆತ್ತಗೆ ಕೇಳಿದಳು. ಬಿಲ್ಲಿನ ಹೆಸರಿನವರಲ್ಲದೆ ಬೇರೆಯವರ ದೂರು ದಾಖಲಾಗುವುದಿಲ್ಲ ಎಂದು ಆಗತಾನೇ ಹಾಡಿನ ನಡುವೆ ಹೇಳಿದ್ದರು. ಗುರಲಿಂಗಪ್ಪ ಸುತ್ತ ನೋಡಿದ. ಯಾರೂ ಇರಲಿಲ್ಲ.

“ಹೌದ್ರಿ. ನಾ ರೇಣುಕವ್ವ ಮಾತಾಡಾಕತ್ತೇನಿ,” ಎಂದ.

ಇಪ್ಪತ್ತೆರಡು ವರ್ಷ ಮೈಕಿನಲ್ಲಿ ಬಳಸಿದ ದನಿ ಅದು.

“ಮೇಡಂ, ನಿಮಗೆ ಶೀತ ಆಗಿದೆಯಾ?”

“ಭಾಳ ಆಗೇತ್ರಿ.”

ಬೇಗ ಗುಣವಾಗಲಿ ಮೇಡಂ ಎಂದು ಹಾರೈಸಿ, ಎರಡು ದಿನದೊಳಗೆ ತಂತ್ರಜ್ಞರು ನಿಮ್ಮ ವಿಳಾಸಕ್ಕೆ ಬರುತ್ತಾರೆ ಎಂದಳು. ಗುರಲಿಂಗಪ್ಪ ಗೆದ್ದ ಖುಷಿಯಲ್ಲಿ ಫೋನ್ ಇಟ್ಟ. ನಿಮ್ಮ ವಿಳಾಸ ಎಂದರೆ ಯಾವ ವಿಳಾಸ ಎಂಬುದು ಅವನ ತಲೆಗೆ ಹೋಗಲೇ ಇಲ್ಲ.

ಎರಡು ದಿನ ರಜೆ ಹಾಕಿ ಮನೆಯಲ್ಲಿ ಕಾದ. ಯಾರೂ ಬರಲಿಲ್ಲ. ಮೂರನೆಯ ದಿನ ಕೆಲಸಕ್ಕೆ ಹೋದಾಗ ಬೆಳಗಿನ ತಿಕೋಟಾ ಬಸ್ಸಿನಿಂದ ಇಳಿದ ಕಂಡಕ್ಟರ್ ಅವನ ಕೈ ಹಿಡಿದು ಕುಲುಕಿದ. ಅಕ್ಕನಿಗೆ ದೊಡ್ಡ ಟಿ.ವಿ. ಕೊಡಿಸಿದ್ದೀರಂತೆ, ಇದ್ದರೆ ನಿಮ್ಮಂಥ ತಮ್ಮ ಇರಬೇಕು ಎಂದ. ಹತ್ತು ಗಂಟೆಯ ಬಸ್ಸಿನಲ್ಲಿ ಬಂದ ಮುದುಕಿಯೊಬ್ಬಳು ಕಂಟ್ರೋಲರನ ಕೋಣೆ ಹುಡುಕಿಕೊಂಡು ಬಂದು ಅವನ ಗಲ್ಲ ನೇವರಿಸಿ ಲಟಿಕೆ ಮುರಿದು ಹೋದಳು. ಹನ್ನೆರಡರ ಬಸ್ಸಿನ ಹೊತ್ತಿಗೆ ಟಿ.ವಿ. ಗೋಡೆಯಷ್ಟಾಗಿತ್ತು; ಎರಡರ ಬಸ್ಸಿಗೆ ಥೇಟರಾಗಿತ್ತು. ನಾಲ್ಕರ ಬಸ್ಸಿನಿಂದ ಇಳಿದ ದ್ರಾಕ್ಷಿ ವ್ಯಾಪಾರಿಯೊಬ್ಬ, ಪಂಚಮಿಯ ಹಿಂದಿನ ದಿನ ನೀವೇ ಖುದ್ದು ತರುತ್ತೀರಂತಲ್ಲ, ನಾವೂ ನೋಡಲು ಬರಬಹುದಾ ಎಂದು ಕೇಳಿದ. ಆ ದಿನ ಗುರಲಿಂಗಪ್ಪ ಬಬಲೇಶ್ವರದ ಬಸ್ಸನ್ನು ಎರಡು ಸಲ ತಿಕೋಟಾ ಎಂದು ಕೂಗಿದ, ಅದೇ ದಾರಿಯಲ್ಲಿ ಮಮದಾಪುರಕ್ಕೆ ಹೋಗುವವರು ಬಂದು ಜಗಳ ತೆಗೆದರು.

ಮನೆಗೆ ಬಂದು ಹೆಂಡತಿಯ ಮುಂದೆ ಎಲ್ಲ ಹೇಳಿ ಕುಸಿದು ಕೂತ. ಮಂದಿ ಹೀಗೆ ತಿಳಿದುಕೊಂಡರೆ ಟಿ.ವಿ. ಕೊಟ್ಟೇಬಿಡಬೇಕಾಗುತ್ತದೆ, ಕೊಡದಿದ್ದರೆ ಅಕ್ಕನ ಮಾನ ಹೋಗುತ್ತದೆ, ಕೊಟ್ಟರೆ ಕೆಟ್ಟ ಟಿ.ವಿ. ಕೊಟ್ಟ ಅನ್ನುತ್ತಾರೆ. ಹೀಗೆ ಒಂದು ಗಂಟೆ ಒದರಿದ. ನಿರ್ಮಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

“ಟಿ.ವಿ. ಮಾತು ಆಮ್ಯಾಲ,” ಎಂದಳು. “ಅವತ್ತ ಅಕ್ಕಾರು ಬರೂತನಕಾ ತಡಿಯೂಣು ಅಂತ ನಾ ಅಂದಿದ್ನಿ. ನೀವ ಗಡಿಯಾರ ನೋಡಿದ್ರಿ. ಎರಡ ವರ್ಷದಿಂದ ಮಂದಿ ನನ್ನ ತಂಗಿ ಹೆಸರ ಹೇಳತಾರ, ನಿಮ್ಮ ಹೆಸರ ಯಾರೂ ಹೇಳವಲ್ರು.”

ಹೆಂಡತಿಯ ಮಾತು ನಿಜವಿದ್ದಾಗ ಗಂಡಸರು ಮಾಡುವುದನ್ನೇ ಗುರಲಿಂಗಪ್ಪನೂ ಮಾಡಿದ. ಮರುದಿನ ಬೇರೆ ಊರಿಗೆ ಹೊರಟ.

ತಿಕೋಟಾ ಮತ್ತು ಬಬಲೇಶ್ವರ ಎರಡೂ ಕಡೆಯ ದೂರುಗಳನ್ನು ನೋಡುವ ಕಂಪನಿಯ ಮನುಷ್ಯ ಸತೀಶಕುಮಾರ ಬಬಲೇಶ್ವರದಲ್ಲಿ ಇರುತ್ತಿದ್ದ. ಬರೀ ಸತೀಶ ಎಂದರೆ ತಿರುಗಿ ನೋಡದ, ನಿಯಮ ಬಿಟ್ಟು ಒಂದು ಸ್ಕ್ರೂ ತಿರುಗಿಸದ ಮನುಷ್ಯ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಅವನನ್ನು ಹಿಡಿದ ಗುರಲಿಂಗಪ್ಪ, ಟಿ.ವಿ. ಇರುವುದು ವಿಜಯಪುರದಲ್ಲಿ, ಅಲ್ಲಿಗೇ ಬನ್ನಿ ಎಂದು ಬೇಡಿಕೊಂಡ. ಸತೀಶಕುಮಾರ ಅವಲಕ್ಕಿ ಮುಗಿಸಿ, ಕೈ ತೊಳೆದು, ಒರೆಸಿಕೊಂಡು, ಆಮೇಲೆ ಹೇಳಿದ. ಶಹರದ ದೂರು ಶಹರದವರಿಗೆ, ತಾನು ಆ ಗಡಿ ದಾಟುವಂತಿಲ್ಲ. ಬಿಲ್ಲಿನಲ್ಲಿರುವ ವಿಳಾಸ, ಬಿಲ್ಲಿನಲ್ಲಿರುವ ಪೆಟ್ಟಿಗೆ, ಬಿಲ್ಲಿನಲ್ಲಿರುವ ಹೆಸರಿನವರು, ಮೂರೂ ಒಂದೇ ಫೋಟೋದಲ್ಲಿ ಬರಬೇಕು. ಆಮೇಲೆ ಅವರ ಫೋನಿಗೆ ಬರುವ ಓಟಿಪಿ ಅವರೇ ಹೇಳಬೇಕು. ವಿಳಾಸ ಬದಲಿಸಬಹುದು, ಅದಕ್ಕೂ ಅವರದೇ ಓಟಿಪಿ.

ಹಾಗಾದರೆ ಅಕ್ಕ ಏನು ಹೇಳಿದಳು ಎಂದು ಗುರಲಿಂಗಪ್ಪ ಹೆದರುತ್ತಲೇ ಕೇಳಿದ.

“ಮಜ್ಜಿಗಿ ಕೊಟ್ರು,” ಎಂದ ಸತೀಶಕುಮಾರ. “ಟಿ.ವಿ. ಇನ್ನೂ ಬಂದಿಲ್ಲಪಾ, ನನ್ನ ತಮ್ಮ ಪಂಚಮಿ ಹಿಂದಿನ ದಿನಾ ತರತಾನ, ಅವತ್ತ ಬಾ ಅಂದ್ರು. ಬಾಜೂ ಮನಿಯವ್ರನ್ನೂ ಕರದು ಅದನ್ನ ಹೇಳಿದ್ರು.”

ಬಬಲೇಶ್ವರದಿಂದ ಮರಳುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಗುರಲಿಂಗಪ್ಪ ಮೊದಲ ಸಲ ಟಿ.ವಿ. ಬಿಟ್ಟು ಬೇರೆ ವಿಚಾರ ಮಾಡಿದ. ತಮ್ಮ ತರುತ್ತಾನೆ ಎಂದು ಆಕೆ ನಾಲ್ಕು ಮಂದಿಯ ಎದುರು ಹೇಳಿದ್ದಾಳೆ. ಎರಡು ಪಂಚಮಿ ಆಕೆ ಆ ನಾಲ್ಕು ಮಂದಿಗೆ ಏನು ಹೇಳಿದ್ದಳೋ? ತಮ್ಮ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆ ಯಾವ ನೆವ ಕೊಟ್ಟಿದ್ದಳೋ? ಆದರೂ ತಾನೇ ಹೋಗುವ ಧೈರ್ಯ ಬರಲಿಲ್ಲ. ಸಂಜೆ ಮೌಲಾಸಾಬನ ಮನೆಗೆ ಹೋಗಿ, ನೀವೊಬ್ಬರೇ ಟಂಟಂನಲ್ಲಿ ಟಿ.ವಿ. ಇಟ್ಟುಕೊಂಡು ತಿಕೋಟಾಕ್ಕೆ ಹೋಗಿ ಬನ್ನಿ ಎಂದ.

ಮೌಲಾಸಾಬ ಆ ಸಂಜೆ ಚೇಷ್ಟೆ ಮಾಡಲಿಲ್ಲ. “ಟಿ.ವಿ. ಹೊರತೇನ್ರಿ. ನಿಮ್ಮನ್ನೂ ಹೊರತೇನಿ,” ಎಂದ. “ಬರೇ ಟಿ.ವಿ. ಒಯ್ಯಂಗಿಲ್ಲ.”

ಪಂಚಮಿಯ ಹಿಂದಿನ ದಿನ ಬೆಳಿಗ್ಗೆ ಟಿ.ವಿ.ಯನ್ನು ಎರಡು ಕೌದಿಯಲ್ಲಿ ಸುತ್ತಿ ಟಂಟಂನಲ್ಲಿ ಇಟ್ಟರು. ಗುರಲಿಂಗಪ್ಪ ಹಿಂದೆ ಕೂತು ಅದನ್ನು ಎರಡೂ ಕೈಯಿಂದ ಅಪ್ಪಿಕೊಂಡ, ಬಗಲಲ್ಲಿ ನೋಟುಬುಕ್ಕು. ಅಥಣಿ ರಸ್ತೆಯಲ್ಲಿ ಎದುರಾದ ಪ್ರತಿಯೊಂದು ಬಸ್ಸಿನ ಡ್ರೈವರನೂ ಹಾರ್ನ್ ಹೊಡೆದು ಕೈ ಬೀಸಿದ. ಕಂಟ್ರೋಲರ್ ಸಾಹೇಬರು ಕೌದಿ ಅಪ್ಪಿಕೊಂಡು ಸರಕಿನ ಗಾಡಿಯಲ್ಲಿ ಹೋಗುವುದನ್ನು ಅವರು ಎಂದೂ ಕಂಡಿರಲಿಲ್ಲ.

ತಿಕೋಟಾದ ಓಣಿ ಮುಟ್ಟಿದಾಗ ಅರ್ಧ ಊರು ರೇಣುಕವ್ವನ ಕಟ್ಟೆಯ ಮೇಲಿತ್ತು. ಅವಳು ಇಳಕಲ್ ಸೀರೆಯುಟ್ಟು ಬಾಗಿಲಲ್ಲಿ ನಿಂತಿದ್ದಳು. ತಮ್ಮನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ ಮುಖ ತಿರುಗಿಸಿ ಮೌಲಾಸಾಬನಿಗೆ ಹೇಳಿದಳು.

“ಒಳಗ ಬಂದು ಕೂಡು ಅಂತ ಹೇಳ್ರಿ ಮೌಲಾಸಾಬಣ್ಣಾ.”

ಗುರಲಿಂಗಪ್ಪ ಎರಡು ಮಾರು ದೂರದಲ್ಲಿದ್ದ. ಅವನೂ ಮೌಲಾಸಾಬನನ್ನೇ ನೋಡಿ, ಆಕೆ ಆರಾಮಿದ್ದಾಳಾ ಕೇಳಿ ಎಂದ. ಆರಾಮಿದ್ದೇನೆ, ಸೊರಗಿದ್ದಾನಲ್ಲ ಯಾಕೆ ಕೇಳಿ ಎಂದು ಆಕೆ. ಕೆಲಸ ಬಹಳ ಎಂದು ಹೇಳಿ ಎಂದು ಇವನು. ಮೂರು ಸಲ ಆ ಕಡೆಗೂ ಮೂರು ಸಲ ಈ ಕಡೆಗೂ ಕತ್ತು ಹೊರಳಿಸಿದ ಮೌಲಾಸಾಬ, ತಾನು ದ್ರಾಕ್ಷಿ ಹೊರುವವನು, ಮಾತು ಹೊರುವುದು ತನ್ನ ಕೆಲಸವಲ್ಲ ಎಂದು ಹೇಳಿ ಕಟ್ಟೆಯ ಮೇಲೆ ಕೂತುಬಿಟ್ಟ. ಅಲ್ಲಿಗೆ ಮಾತುಕತೆಯೂ ನಿಂತಿತು.

ಸತೀಶಕುಮಾರ ಮೊದಲೇ ಬಂದು ಕಾದಿದ್ದ. ಪೆಟ್ಟಿಗೆ ಇಡಿಸಿ, ಪಕ್ಕದಲ್ಲಿ ರೇಣುಕವ್ವನನ್ನು ನಿಲ್ಲಿಸಿ, ಬಾಗಿಲಿನ ಮನೆ ನಂಬರೂ ಬರುವಂತೆ ಫೋಟೋ ತೆಗೆದ. ಟಿ.ವಿ. ಹಾಕಿದ. ಪಡಸಾಲೆಯ ಗೋಡೆಯ ಮೇಲೆ ಮೂರು ಮಂಜಿನ ಪಟ್ಟೆ ಬಂದವು, ಅವುಗಳ ಹಿಂದೆ ಯಾವುದೋ ಹಾಡು ಕುಣಿಯುತ್ತಿತ್ತು. ತಿಕೋಟಾದ ಮಂದಿ ಸಭ್ಯರು. ದೊಡ್ಡದು ಹೌದು, ಬಹಳ ದೊಡ್ಡದು ಎಂದರು.

ಸತೀಶಕುಮಾರ ವೈರು ನೋಡಿದ, ವೋಲ್ಟೇಜ್ ಅಳೆದ, ಎರಡು ಸಲ ಆರಿಸಿ ಹಾಕಿದ. ಒಳಗಿನ ಬೋರ್ಡು ಹೋಗಿರಬೇಕು, ಹೊಸದು ತರಿಸಲು ತಿಂಗಳಾದೀತು ಎಂದ. ಆಗ ಗುರಲಿಂಗಪ್ಪ ನೋಟುಬುಕ್ಕು ಮುಂದೆ ಮಾಡಿದ. ಸತೀಶಕುಮಾರ ದನಿಯೆತ್ತಿ ಓದಿದ. ಸೋಮವಾರ ದಟ್ಟ, ಮಂಗಳವಾರ ತುಸು ತಿಳಿ, ಬುಧವಾರ ಇನ್ನೂ ತುಸು ತಿಳಿ, ಭಾನುವಾರ ತಿಳಿ, ಸೋಮವಾರ ಮತ್ತೆ ದಟ್ಟ. ಇಂಥ ರೋಗ ತನ್ನ ನಿಯಮದ ಪುಸ್ತಕದಲ್ಲಿಲ್ಲ ಎಂದು ತಲೆ ಕೆರೆದುಕೊಂಡ.

“ಸೋಮವಾರ ನಿರ್ಮಲಾ ಮನ್ಯಾಗ ಯಾವ್ಯಾವದಕ್ಕ ವಿಭೂತಿ ಹಚ್ಚತಾಳ?”

ಕೇಳಿದವಳು ರೇಣುಕವ್ವ, ಕೇಳಿದ್ದು ನೇರ ತಮ್ಮನನ್ನೇ. ನಡುವೆ ಮೌಲಾಸಾಬ ಇರಲಿಲ್ಲ.

ಗುರಲಿಂಗಪ್ಪ ಶಾಲೆಯ ಹುಡುಗನಂತೆ ಎದ್ದು ನಿಂತು ಹೇಳತೊಡಗಿದ. ಹೊಸ್ತಿಲು, ಒಲೆ, ಕಪಾಟು, ಹಿಟ್ಟಿನ ಡಬ್ಬಿ. ಅಲ್ಲಿಗೆ ಬಂದು ಅವನ ಬಾಯಿ ನಿಂತಿತು. ರೇಣುಕವ್ವ ಟಿ.ವಿ. ಆರಿಸಲು ಹೇಳಿ ಪೆಟ್ಟಿಗೆಯ ಮೇಲೆ ಬಗ್ಗಿದಳು. ಬಗ್ಗಬ್ಯಾಡಕ್ಕಾ ಕಣ್ಣಿಗೆ ಕೆಟ್ಟ ಎಂದು ಇವನು ಓಡಿ ಬರುವಷ್ಟರಲ್ಲಿ ಆಕೆ ನೋಡಿ ಆಗಿತ್ತು. ಗಾಜಿನ ಮೇಲೆ, ಎಡದಿಂದ ಬಲಕ್ಕೆ, ಮೂರು ಬೆರಳಿನ ವಿಭೂತಿ. ಹದಿನಾಲ್ಕು ಸೋಮವಾರ ಒಂದರ ಮೇಲೊಂದು ಬಿದ್ದು ಗಟ್ಟಿಯಾಗಿತ್ತು. ಕಟ್ಟೆಯ ಮೇಲಿದ್ದ ಮೌಲಾಸಾಬ, ನಾನು ಮೊದಲನೇ ದಿನವೇ ಹೇಳಿದ್ದೆ ಎಂದು ಈಗ ನೆನಪಿಸಿದ.

ರೇಣುಕವ್ವ ಬೆರಳು ಒದ್ದೆ ಮಾಡಿ ಆ ವಿಭೂತಿಯನ್ನು ಬಳಿದುಕೊಂಡಳು. ಅದನ್ನು ಸೆರಗಿಗೆ ಒರೆಸಲಿಲ್ಲ, ನೆಲಕ್ಕೆ ಝಾಡಿಸಲಿಲ್ಲ. ತಮ್ಮನನ್ನು ಹತ್ತಿರ ಎಳೆದು ಅವನ ಹಣೆಗೆ ಹಚ್ಚಿದಳು. ಗಾಜಿನ ಮೇಲೆ ಉಳಿದದ್ದನ್ನು ಒದ್ದೆ ಬಟ್ಟೆಯಿಂದ ನಿಧಾನವಾಗಿ ಒರೆಸಿದಳು. ಟಿ.ವಿ. ಹಾಕಿದಾಗ ಗೋಡೆಯ ತುಂಬ ಹಸಿರು ಹೊಲ, ಒಂದು ಮಂಜೂ ಇಲ್ಲ. ಮಂದಿ ಹೋ ಎಂದರು.

ಸತೀಶಕುಮಾರನಿಗೆ ಹೊಸ ಸಂಕಟ ಶುರುವಾಯಿತು. ಕಂಪನಿಯ ಪಟ್ಟಿಯಲ್ಲಿ ದೋಷದ ಕಾರಣ ಎಂಬಲ್ಲಿ ಹತ್ತೊಂಬತ್ತು ಕಾರಣಗಳಿದ್ದವು, ವಿಭೂತಿ ಇರಲಿಲ್ಲ. ಬಹಳ ಹೊತ್ತು ಯೋಚಿಸಿ, ಮನಸ್ಸಿಲ್ಲದ ಮನಸ್ಸಿನಿಂದ ಧೂಳು ಎಂದು ಒತ್ತಿದ. ರೇಣುಕವ್ವನ ಫೋನು ಗುಂಯ್ ಎಂದಿತು. ಓಟಿಪಿ ಹೇಳ್ರಿ ಅಕ್ಕಾರ, ಹತ್ತು ನಿಮಿಷದ ಅವಧಿ ಎಂದ.

ರೇಣುಕವ್ವ ಫೋನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ತಮ್ಮನ ಎದುರಿಗೆ ಕೂತಳು.

“ಮೂರ ತಿಂಗಳಿಂದ ನನಗ ಮೆಸೇಜ್ ಬರಾಕತ್ತಾವ,” ಎಂದಳು. “ಟಿ.ವಿ. ಕೊಂಡದ್ದಕ್ಕ ಧನ್ಯವಾದ ರೇಣುಕವ್ವ ಅಂತ ಒಂದ, ಟಿ.ವಿ. ಹೆಂಗ ಐತಿ ರೇಣುಕವ್ವ ಅಂತ ಒಂದ. ಅಂಗನವಾಡಿ ನೀಲಾಬಾಯಿ ಓದಿ ಹೇಳ್ಯಾಳ. ನನಗೇನ ತಿಳ್ಯಾಂಗಿಲ್ಲೇನ? ನನ್ನ ಹೆಸರ ಬೇಕಾತು ನಿನಗ. ನಾ ಬ್ಯಾಡಾದ್ನಿ.”

ಟಿ.ವಿ. ತನಗಾಗಿ ಎಂದು ಅಕ್ಕ ತಪ್ಪು ತಿಳಿದಿದ್ದಾಳೆ ಎಂದು ವಾರವಿಡೀ ಒದ್ದಾಡಿದವನು ಗುರಲಿಂಗಪ್ಪ. ಅಕ್ಕ ಏನೂ ತಪ್ಪು ತಿಳಿದಿರಲಿಲ್ಲ. ಊರಿಗೆಲ್ಲ ಡಂಗುರ ಹೊಡೆದು ತಮ್ಮನನ್ನು ಬರುವ ಹಾಗೆ ಮಾಡಿದ್ದಳು, ಅಷ್ಟೆ.

“ಭಾಳ ಸಿಟ್ಟ ಇತ್ತು,” ರೇಣುಕವ್ವ ಮುಂದುವರಿಸಿದಳು. “ಆಮ್ಯಾಲೆ ಆ ಕಂಪನಿ ಹುಡುಗಿ ಫೋನ್ ಮಾಡಿ, ಮೇಡಂ ನಿಮ್ಮ ಶೀತ ಕಡಿಮಿ ಆತೇನ್ರಿ ಅಂತ ಕೇಳಿದ್ಲು. ಹಂಗಂದ್ರ ಇಂವಾ ಏನ ಮಾಡ್ಯಾನ ಅಂತ ಹೊಳೀತು. ನಕ್ಕ ನಕ್ಕ ಅರ್ಧಾ ಸಿಟ್ಟ ಹೋತು. ಇನ್ನ ಅರ್ಧಾ ಉಳದೈತಿ.”

ಏಳು ನಿಮಿಷ ಆಯಿತು ಎಂದ ಸತೀಶಕುಮಾರ.

“ತಡಿಯಪಾ,” ಎಂದು ಅವನಿಗೆ ಹೇಳಿ, ರೇಣುಕವ್ವ ತಮ್ಮನ ಮುಖ ನೋಡಿದಳು. ದನಿ ಸಣ್ಣದಾಗಿತ್ತು. “ದಿನಾ ಯಾರ್ಯಾರ ಸಲುವಾಗಿ ಬಸ್ಸ ತಡಿಸತಿ. ಮುದುಕಿ ಓಡಿ ಬರಾಕತ್ತಾಳ ನಿಂದರ್ಸು ಅಂತೀಯಂತ. ಅವತ್ತ ನಾನೂ ಓಡಿ ಬಂದಿದ್ನೋ ಗುರ್ಯಾ. ಬಸ್ಸ ನಿಂತಲ್ಲಿಂದ ಬುಟ್ಟಿ ಹೊತಗೊಂಡ ಓಡಿ ಬಂದ್ನಿ. ಐದ ನಿಮಿಷ ಆರತಿ ತಡಿಸಾಕ ಆಗಲಿಲ್ಲ ನಿನಗ.”

ಯಾರೋ ಟಿ.ವಿ.ಯ ದನಿ ಕಡಿಮೆ ಮಾಡಿದರು. ಗುರಲಿಂಗಪ್ಪನ ಕಣ್ಣಿನಿಂದ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲು ಹೋಗಿ ಹಣೆಯ ವಿಭೂತಿಯನ್ನೆಲ್ಲ ಮುಖಕ್ಕೆ ಮೆತ್ತಿಕೊಂಡ. ಊರಿಗೆಲ್ಲ ಕೇಳುವ ಹಾಗೆ ಕೂಗುವ ಕಂಟ್ರೋಲರನ ಬಾಯಿಂದ ಎದುರಿಗೆ ಕೂತ ಅಕ್ಕನಿಗೂ ಕಷ್ಟಪಟ್ಟು ಕೇಳುವಷ್ಟು ಮಾತು ಬಂತು.

“ತಪ್ಪಾತಕ್ಕಾ. ನಾಳಿ ಪಂಚಮಿ ಐತಿ. ಮನೀಗೆ ನಡಿ.”

ಒಂಬತ್ತೂವರೆ ನಿಮಿಷ ಎಂದು ಸತೀಶಕುಮಾರ ಹೇಳುವುದಕ್ಕೂ ರೇಣುಕವ್ವ ಫೋನನ್ನು ಅವನ ಕೈಗೆ ಕೊಡುವುದಕ್ಕೂ ಸರಿಹೋಯಿತು. ಆಮೇಲೆ ಆಕೆ ಒಳಗೆ ಹೋಗಿ ಬುಟ್ಟಿ ತಂದಳು. ಅದರಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೂರು ನಮೂನೆಯ ಉಂಡಿ, ಎಲ್ಲ ಬೆಳಿಗ್ಗೆಯೇ ಕಟ್ಟಿಟ್ಟದ್ದು. ಟಿ.ವಿ.ಯನ್ನೂ ಏರಿಸಿ ಎಂದಳು. ಇದು ನಿನಗೇ ಇರಲಿ, ಮಂದಿ ಏನೆಂದುಕೊಳ್ಳುತ್ತಾರೆ ಎಂದು ಗುರಲಿಂಗಪ್ಪ ತೊದಲಿದಾಗ, ನನ್ನ ಟಿ.ವಿ. ನನ್ನ ತವರಿನಲ್ಲಿರುತ್ತದೆ, ನೋಡಬೇಕೆನಿಸಿದಾಗ ನಾನೇ ಬರುತ್ತೇನೆ, ಅದರಲ್ಲಿ ಮಂದಿಯದೇನು ಎಂದು ಆಕೆ ಎಲ್ಲರಿಗೂ ಕೇಳುವಂತೆ ಹೇಳಿದಳು.

ಟಂಟಂನಲ್ಲಿ ಮೌಲಾಸಾಬನ ಪಕ್ಕ ರೇಣುಕವ್ವ, ಹಿಂದೆ ಬುಟ್ಟಿ, ಕೌದಿ, ಟಿ.ವಿ. ಮತ್ತು ಗುರಲಿಂಗಪ್ಪ. ಮಧ್ಯಾಹ್ನ ಅಥಣಿ ರಸ್ತೆಯ ಮನೆಯ ಮುಂದೆ ಗಾಡಿ ನಿಂತಾಗ ನಿರ್ಮಲಾ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಮೌಲಾಸಾಬ ದಾರಿಯಲ್ಲೇ ಫೋನ್ ಮಾಡಿದ್ದ. ಅತ್ತಿಗೆ ಇಳಿದು ಬಂದೊಡನೆ ನಿರ್ಮಲಾ ತಾನು ಬೆಳಗಲಿಲ್ಲ. ತಟ್ಟೆಯನ್ನು ಅವಳ ಕೈಗೆ ಕೊಟ್ಟು, “ನೀವ ಬೆಳಗ್ರಿ ಅಕ್ಕಾರ. ಮನಿ ಕಾಯಾಕತ್ತೈತಿ,” ಎಂದಳು. ರೇಣುಕವ್ವ ಬಾಗಿಲಿಗೆ ನಿಧಾನವಾಗಿ ಆರತಿ ಬೆಳಗಿದಳು. ಯಾರೂ ಗಡಿಯಾರ ನೋಡಲಿಲ್ಲ.

ಸುಳ್ಳು ಯಾಕೆ, ಒಬ್ಬ ನೋಡಿದ. ಅಭ್ಯಾಸ ಎಲ್ಲಿ ಹೋಗುತ್ತದೆ. ಎಲ್ಲರೂ ಒಳಗೆ ಹೋದ ಮೇಲೆ ಗುರಲಿಂಗಪ್ಪ ಕಟ್ಟೆಯ ಮೇಲೆ ಕೂತು ನೋಟುಬುಕ್ಕು ತೆರೆದು ಕಡೆಯ ಸಾಲು ಬರೆದ. ತಿಕೋಟಾ ಗಾಡಿ, ಬಂದ ವೇಳೆ ಒಂದೂ ನಲವತ್ತು. ತಡ, ಎರಡೂವರೆ ವರ್ಷ. ಕಾರಣ ಎಂಬಲ್ಲಿ ಪಂಕ್ಚರ್ ಎಂದು ಬರೆಯಲು ಪೆನ್ನು ಊರಿದ. ಒಳಗೆ ಅಕ್ಕ ಏನೋ ಹೇಳಿ ನಗುತ್ತಿದ್ದಳು. ಸ್ವಲ್ಪ ಹೊತ್ತು ಅದನ್ನೇ ಕೇಳುತ್ತ ಕೂತವನು, ಪಂಕ್ಚರ್ ಬಿಟ್ಟು, ‘ಕಂಟ್ರೋಲರ್’ ಎಂದು ಬರೆದು, ಕೆಳಗೆ ಸಹಿ ಮಾಡಿದ.